ಬ್ಯಾಕಪ್ ಇದ್ದರೆ ತೋರಿಸಿ

ರಾತ್ರಿ ಒಂಬತ್ತೂವರೆ. ಸಂಘದ ಕಚೇರಿಯ ಶಟರ್ ಅರ್ಧಕ್ಕೆ ಇಳಿದಿದೆ. ಮಲೆನಾಡಿನ ತಾಲ್ಲೂಕು ಪೇಟೆ. ಸಂಜೆ ಹಿಡಿದ ಮಳೆ ಬಿಟ್ಟಿಲ್ಲ, ಕರೆಂಟು ಹೋಗಿ ಬಂದು ಮಾಡುತ್ತಿದೆ, ಮೂಲೆಯ ಯುಪಿಎಸ್ ಆಗಾಗ ಕೂಗುತ್ತಿದೆ. ನೀವು ಈ ಪತ್ತಿನ ಸಹಕಾರ ಸಂಘದ ನಿರ್ದೇಶಕರಲ್ಲಿ ಒಬ್ಬರು. ಅಡಿಕೆ ಬೆಳೆಗಾರರು, ಅಂಗಡಿಯವರು, ಆಟೋ ಓಡಿಸುವವರು, ಅಂಗನವಾಡಿ ಕಾರ್ಯಕರ್ತೆಯರು ನಿಮ್ಮ ಸದಸ್ಯರು. ನಾಳಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ‘ಸರ್ವರ್ ಬದಲಾಯಿಸುವ ಬಗ್ಗೆ’ ಎಂಬ ಒಂದು ಸಾಲಿದೆ. ಆ ಸಾಲಿಗಾಗಿಯೇ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ನಿಮ್ಮನ್ನು ಕರೆಸಿದ್ದಾನೆ. “ಒಂದ್ಸಲ ಬಂದು ನೋಡಿ ಸಾರ್, ಫೋನಲ್ಲಿ ಹೇಳಿದ್ರೆ ಅರ್ಥ ಆಗಲ್ಲ.”

ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂರುತ್ತೀರಿ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಒಂದರ ಹಿಂದೆ ಒಂದು ಏರುತ್ತಿವೆ. ನಿಮ್ಮ ಸಂಘ ಬಾಡಿಗೆಗೆ ಹಿಡಿದ ಸರ್ವರಿನ ಲಾಗ್ ಅದು, ಒಳಬರಲು ಯತ್ನಿಸಿದವರ ದಾಖಲೆ. ‘ರೂಟ್’ ಎಂಬ ಹೆಸರಲ್ಲಿ ಯಾರೋ ಬಂದರು, ಪಾಸ್‌ವರ್ಡ್ ತಪ್ಪು. ‘ಅಡ್ಮಿನ್’, ತಪ್ಪು. ‘ಟೆಸ್ಟ್’, ‘ಒರಾಕಲ್’, ‘ಉಬುಂಟು’, ಮತ್ತೆ ‘ರೂಟ್’. ಒಂದು ವಿಳಾಸ ಸುಮ್ಮನಾಗುವಷ್ಟರಲ್ಲಿ ಬೇರೆ ಯಾವುದೋ ದೇಶದ ವಿಳಾಸ ಶುರುಮಾಡುತ್ತದೆ.

“ಯಾರಪ್ಪಾ ಇವರೆಲ್ಲ?”

“ಮನುಷ್ಯರಲ್ಲ ಸಾರ್, ಪ್ರೋಗ್ರಾಮುಗಳು. ಹಗಲೂ ರಾತ್ರಿ ಹೀಗೇ ಬರ್ತಾನೇ ಇರ್ತವೆ.”

ನಮ್ಮಂಥ ಸಣ್ಣ ಸಂಘದ ಮೇಲೆ ಯಾರಿಗೆ ಕಣ್ಣು ಎಂದು ಅಧ್ಯಕ್ಷರು ಹೋದ ಸಭೆಯಲ್ಲಿ ಹೇಳಿದ್ದು ನಿಮಗೆ ನೆನಪಾಗುತ್ತದೆ. ಪರದೆ ನೋಡುತ್ತಿದ್ದರೆ ಆ ಮಾತು ನಿಲ್ಲುವುದಿಲ್ಲ. ಹಳೆಯ ಪದ್ಧತಿಯ ಇಂಟರ್‌ನೆಟ್ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಝಡ್‌ಮ್ಯಾಪ್ ಎಂಬ ಸಾಧನ ಬಿಡುಗಡೆ ಮಾಡಿ, ಒಳ್ಳೆಯ ಸಂಪರ್ಕವಿರುವ ಒಂದೇ ಯಂತ್ರದಿಂದ ಆ ಎಲ್ಲ ವಿಳಾಸಗಳ ಒಂದು ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದೆಂದು ತೋರಿಸಿದರು. ತಟ್ಟುವ ಪ್ರೋಗ್ರಾಮಿಗೆ ಸಂಘ ಸಣ್ಣದೋ ದೊಡ್ಡದೋ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಯಾವ ಬಾಗಿಲು ಸಡಿಲವಿದೆಯೋ ಅದನ್ನು ಬರೆದಿಟ್ಟುಕೊಳ್ಳುತ್ತದೆ. ದೋಚುವ ಕೆಲಸ ಆಮೇಲಿನದು.

ಹುಡುಗ ಇನ್ನೊಂದು ಆದೇಶ ಒತ್ತುತ್ತಾನೆ. ಆಪರೇಟಿಂಗ್ ಸಿಸ್ಟಂ ಸೆಂಟ್‌ಒಎಸ್ 7 ಎಂದು ಪರದೆ ಹೇಳುತ್ತದೆ. ಅದಕ್ಕೆ ಭದ್ರತಾ ಅಪ್‌ಡೇಟ್ ಬರುವುದು 2024ರ ಜೂನ್ 30ಕ್ಕೇ ಮುಗಿದಿದೆ. ಪಿಎಚ್‌ಪಿ 7.4; ಅದರ ಅವಧಿ ಮುಗಿದದ್ದು 2022ರ ನವೆಂಬರ್‌ನಲ್ಲಿ. ಡೇಟಾಬೇಸಿನ 3306ನೇ ಪೋರ್ಟ್ ಇಡೀ ಜಗತ್ತಿಗೆ ತೆರೆದಿದೆ, ಯಾಕೆಂದರೆ ಸಾಫ್ಟ್‌ವೇರ್ ಮಾರಿದವರಿಗೆ ತಮ್ಮೂರಲ್ಲಿ ಕೂತು ರಿಪೇರಿ ಮಾಡಲು ಅದು ಅನುಕೂಲ.

ಆ ಡೇಟಾಬೇಸಿನಲ್ಲಿ ಏನಿದೆ? ಸದಸ್ಯರ ಹೆಸರು, ಆಧಾರ್, ಫೋನ್ ನಂಬರ್, ನಾಮಿನಿ, ಚಿನ್ನದ ಸಾಲದ ತೂಕ, ಯಾರ ಕಂತು ಎಷ್ಟು ತಿಂಗಳಿಂದ ನಿಂತಿದೆ ಎಂಬ ವಿವರ. ಮೇಲೆ ಪಿಗ್ಮಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಿಂದ ಶುರುಮಾಡಿದ ಆ ಪದ್ಧತಿ ಇಂದು ನಿಮ್ಮ ಪೇಟೆಯಲ್ಲಿ ಮೊಬೈಲಿನ ಆ್ಯಪ್ ಆಗಿದೆ. ಹೂವಿನಂಗಡಿಯವಳು ಕೊಟ್ಟ ಐವತ್ತು ರೂಪಾಯಿ ಸಂಜೆಯೊಳಗೆ ಈ ಸರ್ವರಿಗೆ ಬಂದು ಸೇರುತ್ತದೆ. ಅವಳ ಹತ್ತಿರ ಬೇರೆ ಚೀಟಿಯಿಲ್ಲ. ಸರ್ವರಿನಲ್ಲಿರುವುದೇ ಅವಳ ಲೆಕ್ಕ.

ಹುಡುಗನನ್ನು ಬೈಯುವ ಹಾಗಿಲ್ಲ. ಪಾಸ್‌ಬುಕ್ ಪ್ರಿಂಟರ್, ಸಿಸಿ ಕ್ಯಾಮೆರಾ, ಬೆರಳಚ್ಚಿನ ಯಂತ್ರ, ಅಧ್ಯಕ್ಷರ ಮೊಬೈಲು, ಎಲ್ಲ ಅವನದೇ ತಲೆಮೇಲೆ. ಒಂದು ಸರ್ವರನ್ನು ಜಾಗ್ರತೆಯಾಗಿ ಇಟ್ಟುಕೊಳ್ಳುವುದು ದಿನವೂ ಮಾಡುವ ಕೆಲಸ. ಮಾಡಲು ಆಳಿಲ್ಲದಿದ್ದರೆ ಆ ಕೆಲಸ ಬಲ್ಲವರಿಗೆ ಹಣ ಕೊಟ್ಟು ಒಪ್ಪಿಸಬೇಕು. ಮ್ಯಾನೇಜ್ಡ್ ಹೋಸ್ಟಿಂಗ್ ಎಂದು ಮಾರುವುದು ಅದನ್ನೇ. ನಾಳೆ ತೀರ್ಮಾನವಾಗಬೇಕಾದದ್ದು ಯಾರಿಗೆ ಒಪ್ಪಿಸುವುದು, ಏನನ್ನು ಒಪ್ಪಿಸುವುದು, ಏನನ್ನು ಒಪ್ಪಿಸಕೂಡದು ಎಂಬುದು.

ಬೆಳಿಗ್ಗೆ ಹನ್ನೊಂದು. ಉದ್ದನೆಯ ಮೇಜು, ಒಗ್ಗರಣೆ ಅವಲಕ್ಕಿಯ ತಟ್ಟೆಗಳು, ಮೂರು ಕೊಟೇಶನ್. ಮೊದಲನೆಯದು ತೀರ ಅಗ್ಗ, ಬರೀ ಯಂತ್ರದ ಬಾಡಿಗೆ. ಎರಡನೆಯದು ಅದರ ನಾಲ್ಕು ಪಟ್ಟು, ‘ಫುಲ್ಲಿ ಮ್ಯಾನೇಜ್ಡ್’. ಮೂರನೆಯದು ಇನ್ನೂ ದುಬಾರಿ, ಹೊಳಪಿನ ಕಾಗದ, ಕೆಳಗೆ ಐಎಸ್ಒ 27001ರ ಮುದ್ರೆ. ಅಧ್ಯಕ್ಷರ ಬೆರಳು ತಾನಾಗಿ ಮುದ್ರೆಯ ಕಡೆ ಹೋಗುತ್ತದೆ. ಆ ಪ್ರಮಾಣಪತ್ರ ಒಳ್ಳೆಯದೇ. ಆದರೆ ಅದು ಒಂದು ಸಂಸ್ಥೆಯ ಯಾವ ಕಟ್ಟಡಕ್ಕೆ, ಯಾವ ಸೇವೆಗೆ ಅನ್ವಯಿಸುತ್ತದೆಂದು ಅದರ ಮೇಲೇ ಬರೆದಿರುತ್ತದೆ. ಮುಖ್ಯ ಕಚೇರಿಗೆ ಸಿಕ್ಕ ಪ್ರಮಾಣಪತ್ರ ನಿಮ್ಮ ಸರ್ವರ್ ಇರುವ ಕೋಣೆಗೆ ಸಿಕ್ಕಂತಲ್ಲ. ಪೂರ್ತಿ ಪ್ರತಿ ಕಳಿಸಿ ಎಂದು ಮೇಲ್ ಹಾಕಲು ಹುಡುಗನಿಗೆ ಹೇಳುತ್ತೀರಿ.

ಎರಡನೆಯವರ ಎಂಜಿನಿಯರ್ ಸ್ಪೀಕರ್ ಫೋನಿನಲ್ಲಿ ಸಿಗುತ್ತಾನೆ. ಕೇಳುವವರು ಮ್ಯಾನೇಜರ್ ಮೇಡಂ. ಇಪ್ಪತ್ತು ವರ್ಷಕ್ಕೂ ಮೇಲೆ ಲೆಕ್ಕಪುಸ್ತಕ ನೋಡಿದವರು. ಕಂಪ್ಯೂಟರ್ ಭಾಷೆ ಅವರದಲ್ಲ, ಆದರೆ ಜವಾಬ್ದಾರಿ ಎಲ್ಲಿ ಜಾರುತ್ತದೆಂದು ಅವರ ಮೂಗಿಗೆ ಗೊತ್ತು.

“ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಯಾರು ಮಾಡೋದು?”

“ನಾವೇ ಮೇಡಂ.”

“ಪಿಎಚ್‌ಪಿ?”

“ನೀವು ಟಿಕೆಟ್ ಹಾಕಿದ್ರೆ ಮಾಡ್ತೀವಿ.”

“ಹಾಕದೇ ಇದ್ರೆ?”

ಅತ್ತ ಕಡೆ ಒಂದು ಕ್ಷಣ ಸುಮ್ಮನೆ. “ಏನಂದ್ರೆ ಮೇಡಂ, ನಿಮ್ಮ ಸಾಫ್ಟ್‌ವೇರ್ ಹಳೇ ಪಿಎಚ್‌ಪಿ ಮೇಲೇ ನಡೀತಿದೆ. ನಾವಾಗೇ ಬದಲಾಯಿಸಿ ಅದು ನಿಂತೋದ್ರೆ ನೀವು ನಮ್ಮನ್ನೇ ಕೇಳ್ತೀರಿ. ಸಾಫ್ಟ್‌ವೇರ್ ಕೊಟ್ಟೋರು ಒಪ್ಪಿದ್ರೆ ಮಾತ್ರ ಮುಟ್ಟೋದು.”

ಅವನು ಪ್ರಾಮಾಣಿಕವಾಗಿ ಹೇಳುತ್ತಿದ್ದಾನೆ. ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿದರೆ ಸರ್ವರ್ ನಮ್ಮದಲ್ಲ ಎನ್ನುತ್ತಾರೆ. ಸರ್ವರಿನವರು ಸಾಫ್ಟ್‌ವೇರ್ ನಮ್ಮದಲ್ಲ ಎನ್ನುತ್ತಾರೆ. ಕಳ್ಳ ನುಗ್ಗುವುದು ಈ ಇಬ್ಬರ ನಡುವಿನ ಸಂದಿಯಲ್ಲಿ. ಮೇಡಂ ಒಂದು ಬಿಳಿ ಹಾಳೆ ತೆಗೆದು ಗೆರೆ ಎಳೆಯುತ್ತಾರೆ. ಎಡಕ್ಕೆ ಕೆಲಸ, ಬಲಕ್ಕೆ ಹೆಸರು: ಆಪರೇಟಿಂಗ್ ಸಿಸ್ಟಂ, ಫೈರ್‌ವಾಲ್, ಡೇಟಾಬೇಸ್, ಸಾಫ್ಟ್‌ವೇರ್, ಬ್ಯಾಕಪ್, ಡೊಮೇನ್. ಪ್ರತಿಯೊಂದರ ಎದುರು ಒಬ್ಬರೇ ಒಬ್ಬರ ಹೆಸರು, ಎಷ್ಟು ದಿನದೊಳಗೆ ಮಾಡಬೇಕೆಂಬ ಗಡುವು. ಇಬ್ಬರ ಹೆಸರು ಬಂದ ಕಡೆ ಒಬ್ಬರನ್ನು ಹೊಡೆದುಹಾಕುತ್ತಾರೆ.

ಡೊಮೇನ್ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಸಂಘದ ವೆಬ್ ವಿಳಾಸ ಯಾರ ಹೆಸರಲ್ಲಿದೆ? ಐದು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಜಿಮೇಲಿನಲ್ಲಿ. ಅವನೀಗ ಬೆಂಗಳೂರಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಸರ್ವರಿಗೆ ಎಂಥ ಬೀಗ ಜಡಿದರೂ, ಆ ಜಿಮೇಲ್ ಯಾರ ಕೈಗಾದರೂ ಸಿಕ್ಕರೆ ಸಂಘದ ವಿಳಾಸವನ್ನು ತಮ್ಮ ಯಂತ್ರದ ಕಡೆ ತಿರುಗಿಸಿ, ಪಿಗ್ಮಿ ಆ್ಯಪಿನ ಪಾಸ್‌ವರ್ಡುಗಳನ್ನು ತಾವೇ ಹಿಡಿದುಕೊಳ್ಳಬಹುದು. “ಅವರಪ್ಪನ ನಂಬರ್ ನನ್ನತ್ರ ಇದೆ” ಎಂದು ಅಧ್ಯಕ್ಷರು ಫೋನ್ ತೆಗೆಯುತ್ತಾರೆ. ಈ ಒಂದು ಸಾಲು ಕರ್ನಾಟಕದ ಎಷ್ಟೋ ಸಂಘ, ಶಾಲೆ, ನರ್ಸಿಂಗ್ ಹೋಮುಗಳಲ್ಲಿ ಹೀಗೇ ಖಾಲಿ ಬಿದ್ದಿದೆ.

ಇಷ್ಟಾದ ಮೇಲೆ ಒಬ್ಬ ನಿರ್ದೇಶಕರು ಕೇಳುತ್ತಾರೆ: “ಅದೇ ಕೆಲಸ ಮಾಡೋ ಕಂಪನಿ ಅಲ್ವಾ, ಅವರಿಗಿಂತ ನಮಗೆ ಜಾಸ್ತಿ ಗೊತ್ತಾ?”

ಉತ್ತರಕ್ಕೆ ದಕ್ಷಿಣ ಕೊರಿಯಾಕ್ಕೆ ಹೋಗಬೇಕು. 2017ರ ಜೂನ್ 10, ಶನಿವಾರ. ನೀವೀಗ ಅಲ್ಲಿನ ಒಂದು ಸಣ್ಣ ವ್ಯಾಪಾರದ ಮಾಲೀಕರು. ನಯಾನ ಎಂಬ ಹೋಸ್ಟಿಂಗ್ ಕಂಪನಿಗೆ ವೆಬ್‌ಸೈಟ್ ಒಪ್ಪಿಸಿ ನೆಮ್ಮದಿಯಾಗಿದ್ದೀರಿ. ಪುಟ ತೆರೆಯುತ್ತಿಲ್ಲ. ನಿಮ್ಮದೊಂದೇ ಅಲ್ಲ. ಎರೆಬಸ್ ಎಂಬ ರ‍್ಯಾನ್ಸಮ್‌ವೇರ್ ಆ ಕಂಪನಿಯ 153 ಲಿನಕ್ಸ್ ಸರ್ವರುಗಳನ್ನು ಗೂಢಲಿಪಿ ಮಾಡಿ ಮುಚ್ಚಿಬಿಟ್ಟಿದೆ. 3,400ಕ್ಕೂ ಹೆಚ್ಚು ವ್ಯವಹಾರಗಳ ತಾಣಗಳು ಅದರೊಳಗಿವೆ. ಮೊದಲು 550 ಬಿಟ್‌ಕಾಯಿನ್ ಕೇಳಿದರು. ಚೌಕಾಸಿ ನಡೆದು 397.6ಕ್ಕೆ ಇಳಿಯಿತು, ಅಂದಿನ ಬೆಲೆಯಲ್ಲಿ ಹತ್ತು ಲಕ್ಷ ಡಾಲರಿನ ಆಸುಪಾಸು. ಕಂಪನಿ ಕಂತಿನಲ್ಲಿ ಕಟ್ಟಿತು, ಸರ್ವರುಗಳು ಗುಂಪುಗುಂಪಾಗಿ ತೆರೆದುಕೊಂಡವು.

ಆಮೇಲೆ ಟ್ರೆಂಡ್ ಮೈಕ್ರೋ ಸಂಸ್ಥೆಯ ಸಂಶೋಧಕರು ಹೊರಗಿನಿಂದ ಗಮನಿಸಿದ ವಿವರ ಹೀಗಿದೆ: ನಯಾನದ ತಾಣ ನಡೆಯುತ್ತಿದ್ದ ಲಿನಕ್ಸ್ ಕರ್ನೆಲ್ 2008ರಲ್ಲಿ ಸಿದ್ಧವಾದದ್ದು, ಅಪಾಚೆ 1.3.36 ಮತ್ತು ಪಿಎಚ್‌ಪಿ 5.1.4, ಎರಡೂ 2006ರವು. ಬೇರೆಯವರ ಸರ್ವರ್ ನೋಡಿಕೊಳ್ಳುವುದನ್ನೇ ಕಸುಬಾಗಿಟ್ಟುಕೊಂಡವರ ಮನೆಯಲ್ಲಿ ಹನ್ನೊಂದು ವರ್ಷ ಹಳೆಯ ತಂತ್ರಾಂಶ. ಮಲೆನಾಡಿನ ಆ ಹುಡುಗನ ಪರದೆಯಲ್ಲಿ ಕಂಡದ್ದು ಇದರ ಮುಂದೆ ಹೊಸದು.

ಇನ್ನು ನಮ್ಮದೇ ದೇಶಕ್ಕೆ ಬನ್ನಿ. 2024ರ ಜುಲೈ 31, ಬುಧವಾರ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿದೆಯೆಂದು, ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿದ್ದೇವೆಂದು ರಾಷ್ಟ್ರೀಯ ಪಾವತಿ ನಿಗಮ ಪ್ರಕಟಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐಯಂಥ ಸೇವೆಗಳು ಸಿಗಲಿಲ್ಲ. ಮರುದಿನ ಸಂಪರ್ಕ ಮತ್ತೆ ಬಂತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ದಾಳಿ ಶುರುವಾದದ್ದು ಸಿ-ಎಜ್‌ನಲ್ಲಲ್ಲ, ಅದರ ಜೊತೆ ವ್ಯವಹರಿಸುತ್ತಿದ್ದ ಇನ್ನೊಂದು ಕಂಪನಿಯ ಸರಿಯಾಗಿ ಹೊಂದಿಸಿರದ, ಜೆಂಕಿನ್ಸ್ ಎಂಬ ತಂತ್ರಾಂಶ ನಡೆಸುತ್ತಿದ್ದ ಸರ್ವರಿನಲ್ಲಿ. ದಾಳಿಕೋರರು ಬಳಸಿಕೊಂಡ ಜೆಂಕಿನ್ಸ್ ದೋಷಕ್ಕೆ ಪರಿಹಾರ ಅದೇ ವರ್ಷದ ಜನವರಿಯಲ್ಲೇ ಬಿಡುಗಡೆಯಾಗಿತ್ತು. ಹಾಕಬೇಕಾದ ಕಡೆ ಹಾಕಿರಲಿಲ್ಲ, ಅಷ್ಟೆ. ಬ್ಯಾಂಕಿನ ಗ್ರಾಹಕನಿಗೆ ಆ ಮೂರನೆಯ ಕಂಪನಿಯ ಹೆಸರೂ ಗೊತ್ತಿರಲಿಲ್ಲ.

ಮೇಡಂ ಮತ್ತೆ ಫೋನಿನ ಕಡೆ ಬಾಗುತ್ತಾರೆ. “ನಮ್ಮ ಸರ್ವರ್ ಬಿಡಿ. ನೀವು ಎಲ್ಲರ ಸರ್ವರ್ ನೋಡ್ಕೊಳ್ಳೋ ಯಂತ್ರ ಇರುತ್ತಲ್ಲ, ಅದಕ್ಕೆ ಕೊನೇ ಸಲ ಅಪ್‌ಡೇಟ್ ಯಾವಾಗ ಮಾಡಿದ್ರಿ? ಅದರೊಳಗೆ ಹೋಗೋಕೆ ಎಷ್ಟು ಜನಕ್ಕೆ ಅನುಮತಿ ಇದೆ? ಪಾಸ್‌ವರ್ಡ್ ಒಂದೇ ಸಾಕಾ, ಇನ್ನೊಂದು ಕೋಡೂ ಬೇಕಾ? ಕೆಲಸ ಬಿಟ್ಟು ಹೋದವರ ಲಾಗಿನ್ ಯಾವತ್ತು ಮುಚ್ತೀರಿ?”

ಸರಿಯಾದ ಜಾಗಕ್ಕೆ ಕೈಹಾಕಿದ್ದಾರೆ. ಒಂದು ಹೋಸ್ಟಿಂಗ್ ಕಂಪನಿಗೆ ಸಾವಿರ ಗಿರಾಕಿಗಳಿದ್ದರೆ, ಸಾವಿರ ಮನೆಯ ಕೀಲಿಗೊಂಚಲು ಒಂದೇ ಕಡೆ ಇದ್ದೇ ಇರುತ್ತದೆ. ಆ ಗೊಂಚಲು ಕಳ್ಳನ ಕೈಸೇರಿದರೆ ಏನಾಗುತ್ತದೆಂದು ನೋಡಲು ಡೆನ್ಮಾರ್ಕಿಗೆ ಹೋಗೋಣ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

2023ರ ಆಗಸ್ಟ್ 18, ಶುಕ್ರವಾರ. ಬೆಳಗಿನ ಜಾವ ನಾಲ್ಕು ಗಂಟೆ. ಕ್ಲೌಡ್‌ನಾರ್ಡಿಕ್ ಮತ್ತು ಅದರ ಸೋದರ ಕಂಪನಿ ಅಝೆರೋ ಒಂದು ಡೇಟಾ ಸೆಂಟರಿನಿಂದ ಇನ್ನೊಂದಕ್ಕೆ ಸರ್ವರುಗಳನ್ನು ಸಾಗಿಸುತ್ತಿದ್ದ ಕಾಲ. ಸಾಗಿಸಿದ ಯಂತ್ರಗಳಲ್ಲಿ ಕೆಲವಕ್ಕೆ ಮೊದಲೇ ಸೋಂಕು ತಗುಲಿತ್ತು. ಸೋಂಕು ಸುಮ್ಮನೆ ಒಳಗೆ ಕೂತಿತ್ತು, ಯಾರಿಗೂ ಗೊತ್ತಿರಲಿಲ್ಲ. ಹೊಸ ಜಾಗದಲ್ಲಿ ತಂತಿ ಜೋಡಿಸುವಾಗ, ಎಲ್ಲ ಸರ್ವರುಗಳನ್ನು ನಿರ್ವಹಿಸಲು ಬಳಸುವ ಒಳಜಾಲಕ್ಕೆ ಆ ಯಂತ್ರಗಳೂ ಸೇರಿಕೊಂಡವು. ಅಲ್ಲಿಂದ ದಾಳಿಕೋರರಿಗೆ ಕೇಂದ್ರ ಆಡಳಿತ ವ್ಯವಸ್ಥೆ ಸಿಕ್ಕಿತು, ಅದರ ಹಿಂದೆಯೇ ಬ್ಯಾಕಪ್ ವ್ಯವಸ್ಥೆಯೂ ಸಿಕ್ಕಿತು. ಮೊದಲ ಬ್ಯಾಕಪ್, ಅದಕ್ಕೆ ಇನ್ನೊಂದು ಬ್ಯಾಕಪ್, ಎರಡನ್ನೂ ಮುಚ್ಚಿಹಾಕಿದರು.

ನೀವೀಗ ಆ ಕಂಪನಿಯ ಗಿರಾಕಿ. ಬೆಳಿಗ್ಗೆ ಕಚೇರಿ ತೆರೆದಿದ್ದೀರಿ. ವೆಬ್‌ಸೈಟ್ ಇಲ್ಲ, ಮೇಲ್ ಇಲ್ಲ, ಗಿರಾಕಿಗಳ ಪಟ್ಟಿಯಿಲ್ಲ. ಕಂಪನಿ ತನ್ನ ಪುಟದಲ್ಲಿ ನೇರವಾಗಿ ಬರೆದಿದೆ: ಸುಲಿಗೆಕೋರರು ಕೇಳಿದ ಹಣ ಕೊಡಲು ನಮ್ಮಿಂದ ಆಗದು, ಕೊಡುವುದೂ ಇಲ್ಲ, ಬಹುಪಾಲು ಗಿರಾಕಿಗಳ ಎಲ್ಲ ದತ್ತಾಂಶ ನಷ್ಟವಾಗಿದೆ. ನೀವು ಪ್ರತಿ ತಿಂಗಳೂ ಬ್ಯಾಕಪ್‌ಗೆಂದು ಹಣ ಕಟ್ಟಿದ್ದೀರಿ. ಅವರು ಬ್ಯಾಕಪ್ ತೆಗೆದೂ ಇದ್ದರು. ಮೋಸವೇನೂ ನಡೆದಿಲ್ಲ. ಮೂಲವೂ ಪ್ರತಿಯೂ ಒಂದೇ ಕೀಲಿಗೆ ತೆರೆಯುವ ಹಾಗಿದ್ದವು, ಅದರಿಂದ ಎರಡೂ ಹೋದವು.

ಮಲೆನಾಡಿನ ಮೇಜಿಗೆ ವಾಪಸ್ ಬಂದಾಗ ಮೇಡಂ ಕಣ್ಣು ಸ್ಟ್ರಾಂಗ್ ರೂಮಿನ ಬಾಗಿಲ ಮೇಲಿದೆ. ಅಲ್ಲಿ ಅಡವಿಟ್ಟ ಚಿನ್ನವಿದೆ. ಅದಕ್ಕೆ ಎರಡು ಕೀಲಿ: ಒಂದು ಅವರ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ. ಒಬ್ಬರೇ ತೆರೆಯಲು ಬರುವುದಿಲ್ಲ. “ಬ್ಯಾಕಪ್ಪಿಗೂ ಹಂಗೇ ಇರಬೇಕು” ಎನ್ನುತ್ತಾರೆ. “ಸರ್ವರ್ ನೋಡ್ಕೊಳ್ಳೋರ ಕೀಲಿಗೆ ಅದು ತೆರೀಬಾರದು.”

ಅವರ ಮಾತಿಗೆ ತಾಂತ್ರಿಕ ದಾರಿಗಳಿವೆ. ಒಂದು, ಬೇರೊಂದು ಕಂಪನಿಯ ಸಂಗ್ರಹದಲ್ಲಿ, ಸಂಘದ ಹೆಸರಿನದೇ ಖಾತೆಯಲ್ಲಿ, ಇಂತಿಷ್ಟು ದಿನ ಯಾರೂ ಅಳಿಸಲಾಗದಂತೆ ಬೀಗ ಹಾಕಿದ ಪ್ರತಿ. ಹೋಸ್ಟಿಂಗಿನವರಿಗೆ ಅಲ್ಲಿ ಬರೆಯುವ ಹಕ್ಕು ಮಾತ್ರ, ಅಳಿಸುವ ಹಕ್ಕಿಲ್ಲ. ಇನ್ನೊಂದು ತೀರ ಹಳೆಯ ದಾರಿ: ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಪ್ರತಿ ಶನಿವಾರ ಒಂದಕ್ಕೆ ಪ್ರತಿ ತೆಗೆದು, ಗೂಢಲಿಪಿ ಮಾಡಿ, ತಂತಿ ಕಿತ್ತು ಸ್ಟ್ರಾಂಗ್ ರೂಮಿಗೆ. ಮುಂದಿನ ಶನಿವಾರ ಇನ್ನೊಂದು. ಯಾವ ಜಾಲಕ್ಕೂ ಸೇರದ ಡಿಸ್ಕನ್ನು ಯಾವ ಪ್ರೋಗ್ರಾಮೂ ತಟ್ಟಲಾರದು. ಸಣ್ಣ ಸಂಘಕ್ಕೆ ನಾನು ಎರಡನ್ನೂ ಮಾಡಿ ಎನ್ನುತ್ತೇನೆ. ಡಿಸ್ಕಿನ ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ, ಡಿಸ್ಕ್ ಇಲ್ಲದ ಕಡೆ ಇರಬೇಕು.

ಪ್ರತಿಯಿರುವ ಊರೂ ಬೇರೆಯಾಗಿರಬೇಕು. 2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ, ರೈನ್ ನದಿಯ ಬಂದರಿನ ಬದಿ, ಒವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಪೂರ್ತಿ ಸುಟ್ಟಿತು. ಪಕ್ಕದ ಕಟ್ಟಡಕ್ಕೂ ಬೆಂಕಿ ತಾಗಿತು, ಉಳಿದ ಕಟ್ಟಡಗಳನ್ನು ಬಂದ್ ಮಾಡಿಟ್ಟರು. ಪ್ರಾಣಹಾನಿ ಆಗಲಿಲ್ಲ. ಬ್ಯಾಕಪ್ ಸೇವೆಗೆ ಪ್ರತ್ಯೇಕ ಹಣ ಕೊಟ್ಟಿದ್ದ ಒಬ್ಬ ಗಿರಾಕಿ ಕೇಳಿದಾಗ ಪ್ರತಿಯೂ ಅದೇ ಜಾಗದಲ್ಲಿ ಸುಟ್ಟಿದೆಯೆಂದು ತಿಳಿಯಿತು. ಲಿಲ್ ನಗರದ ವಾಣಿಜ್ಯ ನ್ಯಾಯಾಲಯ 2023ರ ಜನವರಿಯಲ್ಲಿ ಆ ಗಿರಾಕಿಗೆ ಪರಿಹಾರ ಕೊಡಿಸುವ ತೀರ್ಪು ಕೊಟ್ಟಿತು. ಕರಾರಿನಲ್ಲಿ ಪ್ರತಿಯನ್ನು ಭೌತಿಕವಾಗಿ ಬೇರೆ ಇಡುವ ಮಾತು ಬರೆದಿದ್ದದ್ದೇ ಅವನ ಕೈಹಿಡಿಯಿತು. ದತ್ತಾಂಶ ಮಾತ್ರ ತೀರ್ಪಿನಿಂದ ವಾಪಸ್ ಬರುವಂಥದ್ದಲ್ಲ.

ವಾಪಸ್ ಬಂದ ಒಂದು ಉದಾಹರಣೆ ನಮ್ಮಲ್ಲೇ ಇದೆ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಗಣಕ ವ್ಯವಸ್ಥೆ ಕುಸಿಯಿತು. ಹೊರರೋಗಿ ವಿಭಾಗದ ಮುಂದೆ ಸಾಲು, ಚೀಟಿ ಕೈಯಲ್ಲಿ ಬರೆದದ್ದು, ಲ್ಯಾಬಿನ ವರದಿ ಕೈಯಲ್ಲಿ ಬರೆದದ್ದು. ಸುಮಾರು ಎರಡು ವಾರ ಆ ಮಹಾ ಆಸ್ಪತ್ರೆ ಕಾಗದದ ಮೇಲೆ ನಡೆಯಿತು. ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಗೂಢಲಿಪಿಯಾಗಿತ್ತೆಂದೂ, ಒಳಜಾಲವನ್ನು ಸರಿಯಾಗಿ ಭಾಗ ಮಾಡಿರದಿದ್ದುದರಿಂದ ಹೀಗಾಯಿತೆಂದೂ ಸರ್ಕಾರ ಸಂಸತ್ತಿಗೆ ತಿಳಿಸಿತು. ಇ-ಹಾಸ್ಪಿಟಲ್‌ನ ಎಲ್ಲ ದತ್ತಾಂಶವನ್ನು, ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಹೊಸ ಸರ್ವರುಗಳಿಗೆ ತುಂಬಿಕೊಂಡರು. ಆ ಒಂದು ಪ್ರತಿ ದಾಳಿಕೋರರ ಕೈಗೆ ಸಿಗಲಿಲ್ಲ. ಅದರಿಂದ ರೋಗಿಗಳ ಚರಿತ್ರೆ ಉಳಿಯಿತು.

ಸಭೆ ಮುಗಿಯುವ ಹೊತ್ತಿಗೆ ಎರಡನೆಯವರಿಗೆ ಒಂದು ಷರತ್ತು ಹೋಗುತ್ತದೆ: ಒಂದು ತಿಂಗಳು ಪ್ರಯೋಗ, ಆಮೇಲೆ ನಮ್ಮೆದುರು ಬ್ಯಾಕಪ್‌ನಿಂದ ಸರ್ವರ್ ಎಬ್ಬಿಸಿ ತೋರಿಸಬೇಕು. ಮೂರನೆಯವರೂ ಈ ಷರತ್ತು ಕೇಳಿ, ಅಂಥ ಪದ್ಧತಿ ನಮ್ಮಲ್ಲಿಲ್ಲ ಎಂದು ಬರೆಯುತ್ತಾರೆ. ಮೇಡಂ ಆ ಹೊಳಪಿನ ಕಾಗದವನ್ನು ಮಡಚಿ ಪಕ್ಕಕ್ಕಿಡುತ್ತಾರೆ.

ಆ ತಿಂಗಳಲ್ಲಿ ಇನ್ನೊಂದು ಕೆಲಸ ಆಗುತ್ತದೆ. ಡೆನ್ಮಾರ್ಕಿನ ಪಾಠ ಹುಡುಗನ ತಲೆಯಲ್ಲಿ ಕೂತಿದೆ. ಹಳೆಯ ಸರ್ವರನ್ನು ಇಡಿಯಾಗಿ ಎತ್ತಿ ಹೊಸ ಜಾಗಕ್ಕೆ ಇಡಬೇಡಿ ಎಂದು ಅವನೇ ಹಟ ಹಿಡಿಯುತ್ತಾನೆ. ಹೊಸ ಯಂತ್ರದಲ್ಲಿ ಎಲ್ಲವನ್ನೂ ಹೊಸದಾಗಿ ಹಾಕಿ, ದತ್ತಾಂಶವನ್ನಷ್ಟೇ ಪರೀಕ್ಷಿಸಿ ತರುತ್ತಾರೆ. ಸಾಫ್ಟ್‌ವೇರಿನವರು ಗೊಣಗುತ್ತಲೇ ಹೊಸ ಪಿಎಚ್‌ಪಿಗೆ ಒಗ್ಗಿಸಿ ಕೊಡುತ್ತಾರೆ. 3306ನೇ ಪೋರ್ಟ್ ಮುಚ್ಚುತ್ತದೆ. ರಿಪೇರಿಗೆ ಬರುವವರು ವಿಪಿಎನ್ ಮೂಲಕ, ತಮ್ಮ ಸ್ವಂತ ಹೆಸರಿನ ಲಾಗಿನ್ನಿನಲ್ಲೇ ಬರಬೇಕು. ಡೊಮೇನ್ ಸಂಘದ ಹೆಸರಿಗೆ ಬಂದಿದೆ. ಹಳೆಯ ಪಾಸ್‌ವರ್ಡುಗಳಲ್ಲಿ ಒಂದೂ ಉಳಿದಿಲ್ಲ.

ಪರೀಕ್ಷೆಯ ಮಧ್ಯಾಹ್ನ. ಖಾಲಿ ಯಂತ್ರ, ಹಿಂದಿನ ರಾತ್ರಿಯ ಬ್ಯಾಕಪ್. ಎಂಜಿನಿಯರ್ ಪರದೆ ಹಂಚಿಕೊಂಡು ಕೆಲಸ ಶುರುಮಾಡುತ್ತಾನೆ. ಮೇಡಂ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುತ್ತಾರೆ. ಡೇಟಾಬೇಸ್ ಏಳುತ್ತದೆ. ಲಾಗಿನ್ ಪುಟ ಬರುತ್ತದೆ. ಹಿಂದಿನ ದಿನದ ಪಿಗ್ಮಿ ಸಂಗ್ರಹದ ಮೊತ್ತವನ್ನು ಹುಡುಗ ಓದುತ್ತಾನೆ, ಮೇಡಂ ಕೈಬರಹದ ಡೇ ಬುಕ್ಕಿನಲ್ಲಿ ಬೆರಳಿಟ್ಟು ತಾಳೆ ನೋಡುತ್ತಾರೆ. ಪೈಸೆಗೆ ಪೈಸೆ ಸರಿ. ಕೋಣೆಯಲ್ಲಿ ಎಲ್ಲರೂ ಉಸಿರುಬಿಡುತ್ತಾರೆ.

“ಒಬ್ಬ ಸದಸ್ಯರ ಫೈಲ್ ತೆಗಿ” ಎನ್ನುತ್ತೀರಿ ನೀವು.

ಫೈಲ್ ತೆರೆಯುತ್ತದೆ. ಹೆಸರಿದೆ, ಸಾಲವಿದೆ. ಫೋಟೋ ಜಾಗ ಖಾಲಿ. ಸಹಿಯ ಸ್ಕ್ಯಾನ್ ಇಲ್ಲ, ಅಡಮಾನ ಪತ್ರದ ಸ್ಕ್ಯಾನ್ ಇಲ್ಲ. ಇನ್ನೊಬ್ಬರದು ತೆಗೆದರೂ ಹಾಗೇ. ಸ್ಕ್ಯಾನ್ ಮಾಡಿದ ಕಾಗದಗಳು ಬೇರೊಂದು ಫೋಲ್ಡರಿನಲ್ಲಿರುತ್ತವೆ. ಆ ಫೋಲ್ಡರ್ ಬ್ಯಾಕಪ್ ಪಟ್ಟಿಯಲ್ಲೇ ಸೇರಿಲ್ಲ. ಎಂಜಿನಿಯರ್ ತಡವರಿಸದೆ ಒಪ್ಪಿಕೊಂಡು ಅಲ್ಲೇ ಸೇರಿಸುತ್ತಾನೆ, ಎರಡು ದಿನದ ನಂತರ ಮತ್ತೆ ಪರೀಕ್ಷೆ ಮಾಡೋಣ ಎನ್ನುತ್ತಾನೆ. ಪ್ರತಿ ರಾತ್ರಿ ‘ಬ್ಯಾಕಪ್ ಯಶಸ್ವಿ’ ಎಂಬ ಮೇಲ್ ತಪ್ಪದೆ ಬರುತ್ತಿತ್ತು. ಎದುರಿಗೆ ಕೂತು ತೆಗೆಸಿ ನೋಡಿರದಿದ್ದರೆ ಈ ಕೊರತೆ ಕಾಣುತ್ತಿದ್ದದ್ದು ಅನಾಹುತದ ದಿನವೇ.

ಇನ್ನು ಉಳಿದದ್ದು ಕರಾರು. ಸಣ್ಣ ಅಕ್ಷರ ಓದುವ ತಾಳ್ಮೆ ಬೇಕಾದ ಕೆಲಸ. ಶೇಕಡಾ 99.9 ಅಪ್‌ಟೈಮ್ ಎಂದು ದೊಡ್ಡದಾಗಿ ಬರೆದಿದ್ದಾರೆ. ವರ್ಷದಲ್ಲಿ ಎಂಟೂಮುಕ್ಕಾಲು ಗಂಟೆ ನಿಂತರೂ ಅದು ಕರಾರಿನೊಳಗೇ. ಅದಕ್ಕಿಂತ ಹೆಚ್ಚು ನಿಂತರೆ ಸಿಗುವುದು ತಿಂಗಳ ಬಾಡಿಗೆಯಲ್ಲಿ ಒಂದಿಷ್ಟು ರಿಯಾಯಿತಿ. ದತ್ತಾಂಶ ಹೋದರೆ ಏನು ಎಂಬುದಕ್ಕೆ ಆ ಅಂಕಿಯಲ್ಲಿ ಉತ್ತರವಿಲ್ಲ. ಅದಕ್ಕೆ ನೀವು ಬೇರೆ ಎರಡು ಅಂಕಿ ಬರೆಸುತ್ತೀರಿ: ಹೆಚ್ಚೆಂದರೆ ಎಷ್ಟು ಗಂಟೆಯ ಲೆಕ್ಕ ಕಳೆದುಹೋಗಬಹುದು, ಎಷ್ಟು ಗಂಟೆಯೊಳಗೆ ಸರ್ವರ್ ಮತ್ತೆ ಏಳಬೇಕು.

ಕಾನೂನಿನ ಸಾಲುಗಳೂ ಸೇರುತ್ತವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಹೋಸ್ಟಿಂಗಿನವರು ಸಂಘಕ್ಕೆ ತಿಳಿಸುವುದೇ ಮರುದಿನವಾದರೆ ಆ ಆರು ಗಂಟೆ ಎಲ್ಲಿ ಉಳಿಯಿತು? ಆದ್ದರಿಂದ ಅವರು ನಿಮಗೆ ತಿಳಿಸಬೇಕಾದ ಗಡುವು ಅದಕ್ಕಿಂತ ಮೊದಲಿನದಾಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ದತ್ತಾಂಶ ನೋಡಿಕೊಳ್ಳಲು ಬೇರೆಯವರನ್ನು ನೇಮಿಸಿಕೊಂಡರೂ ಹೊಣೆ ಸಂಗ್ರಹಿಸಿದ ಸಂಸ್ಥೆಯದೇ. ತಕ್ಕ ಭದ್ರತೆ ವಹಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಹೂವಿನಂಗಡಿಯವಳು ತನ್ನ ಆಧಾರ್ ಕೊಟ್ಟದ್ದು ನಿಮ್ಮ ಸಂಘಕ್ಕೆ, ಹೋಸ್ಟಿಂಗ್ ಕಂಪನಿಗಲ್ಲ. ಕಾಯ್ದೆ ಬರುವ ಮೊದಲೂ ಅದು ಹಾಗೇ ಇತ್ತು.

ಎರಡನೆಯ ಪರೀಕ್ಷೆಯಲ್ಲಿ ಫೋಟೋಗಳು ಬಂದವು, ಸಹಿಗಳು ಬಂದವು. ನಡಾವಳಿ ಪುಸ್ತಕದಲ್ಲಿ ಮೇಡಂ ತೀರ್ಮಾನ ಬರೆಯುತ್ತಾರೆ. ಮೂರು ತಿಂಗಳಿಗೊಮ್ಮೆ ಇಬ್ಬರು ನಿರ್ದೇಶಕರ ಎದುರು ಬ್ಯಾಕಪ್ ತೆಗೆಸಿ ನೋಡತಕ್ಕದ್ದು ಎಂಬ ಸಾಲೂ ಅದರಲ್ಲಿದೆ. ನೀವು ಸಹಿ ಹಾಕುತ್ತೀರಿ.

ಇದನ್ನು ಓದುತ್ತಿರುವ ನೀವು ನಿಜವಾಗಿಯೂ ಯಾವುದಾದರೂ ಸಂಘದ, ಶಾಲೆಯ, ಆಸ್ಪತ್ರೆಯ ಆಡಳಿತದಲ್ಲಿದ್ದರೆ ಈ ವಾರವೇ ನಿಮ್ಮ ಹೋಸ್ಟಿಂಗಿನವರಿಗೆ ಒಂದು ಫೋನ್ ಮಾಡಿ. ಹೋದ ವಾರದ ಬ್ಯಾಕಪ್ ನಮ್ಮೆದುರು ತೆಗೆದು ತೋರಿಸಿ ಎನ್ನಿ. ಆಗುವುದಿಲ್ಲ ಎಂದವರ ಜೊತೆ ಮುಂದಿನ ವರ್ಷದ ಕರಾರು ಮಾಡಬೇಡಿ.